ಪೈಲಟ್ ವಾಚೋ ಡೈವ್ ವಾಚೋ: ಕಟ್ಟಿ ಬಳಸಿದವರ ಮಾತನ್ನು ತೂಗಿ ನೋಡುವ ಕ್ರಮ

ಕೊಡಗಿನ ಮನೆಗಳಿಗೆ ಬೆಲೆಬಾಳುವ ಕೈಗಡಿಯಾರ ಬರುವುದು ಸಾಮಾನ್ಯವಾಗಿ ಯಾವುದಾದರೊಂದು ಸಂದರ್ಭಕ್ಕೆ: ಮಗ ಸೇನೆಗೆ ಸೇರಿದಾಗ, ಹಿರಿಯರು ನಿವೃತ್ತರಾಗಿ ಊರಿಗೆ ಮರಳಿದಾಗ, ಮದುವೆಯಲ್ಲಿ, ಇಲ್ಲವೇ ಕಾಫಿಗೆ ಒಳ್ಳೆಯ ಬೆಲೆ ಸಿಕ್ಕಿದ ವರ್ಷ. ಹಾಗೆ ಕೊಳ್ಳಲು ಹೊರಟವರು ಈಚೆಗೆ ನನ್ನಲ್ಲಿ ಹೆಚ್ಚಾಗಿ ವಿಚಾರಿಸುವುದು ಎರಡು ಬಗೆಯ ವಾಚುಗಳನ್ನು. ಒಂದು, ವಿಮಾನ ಹಾರಿಸುವವರಿಗೆಂದು ರೂಪುಗೊಂಡ ಪೈಲಟ್ ವಾಚು. ಇನ್ನೊಂದು, ನೀರಿನಲ್ಲಿ ಮುಳುಗಿ ಕೆಲಸ ಮಾಡುವವರಿಗೆಂದು ರೂಪುಗೊಂಡ ಡೈವ್ ವಾಚು. ಎರಡಕ್ಕೂ ಲಕ್ಷಗಟ್ಟಲೆ ರೂಪಾಯಿ ಬೇಕು, ಎರಡನ್ನೂ ಮಾರುವವರು ಸಮನಾಗಿ ಹೊಗಳುತ್ತಾರೆ. ಆದ್ದರಿಂದ ಕೊಳ್ಳುವವರಿಗೆ ನಿಜವಾದ ಆಸರೆ ಎಂದರೆ ಅವನ್ನು ದಿನವೂ ಕಟ್ಟಿಕೊಂಡು ಓಡಾಡಿದವರ ಮಾತು. ಆದರೆ ಆ ಮಾತನ್ನು ಕೇಳಿದ ಹಾಗೆಯೇ ಒಪ್ಪಿಕೊಳ್ಳಬಾರದು. ಕೊಯ್ದು ತಂದ ಕಾಫಿ ಹಣ್ಣಿನಲ್ಲಿ ಹಸಿರು ಕಾಯಿಯನ್ನು ಆರಿಸಿ ತೆಗೆದ ಮೇಲೆಯೇ ಸಿಪ್ಪೆ ಸುಲಿಯುವ ಯಂತ್ರವಾದ ಪಲ್ಪರಿಗೆ ಸುರಿಯುವ ಹಾಗೆ, ಮಾತನ್ನೂ ಆರಿಸಿಯೇ ಬಳಸಬೇಕು. ನನ್ನ ಮಟ್ಟಿಗೆ ಆ ಆಯ್ಕೆಗೆ ಇರುವ ಮೊದಲ ಅಳತೆ ಒಂದೇ: ಹೇಳುವವರ ವಾಚು ಅವರ ಕೈಯಲ್ಲಿ ಕನಿಷ್ಠ ಒಂದು ಮಳೆಗಾಲವನ್ನಾದರೂ ಕಳೆದಿರಬೇಕು.

ಮಾತು ಕೇಳಲು ಹೊರಡುವ ಮೊದಲು ಎರಡರ ಹುಟ್ಟು ಗೊತ್ತಿರುವುದು ಒಳ್ಳೆಯದು, ಏಕೆಂದರೆ ಬಳಸಿದವರ ಹೊಗಳಿಕೆಯೂ ದೂರೂ ಹೆಚ್ಚಾಗಿ ಆ ಹುಟ್ಟಿನಿಂದಲೇ ಬಂದವು. ಡೈವ್ ವಾಚಿನ ಇಂದಿನ ರೂಪ 1953ರ ಆಸುಪಾಸಿನದು. ಬ್ಲಾಂಕ್‌ಪಾ ಕಂಪನಿಯ ಫಿಫ್ಟಿ ಫ್ಯಾದಮ್ಸ್ ಮತ್ತು ರೋಲೆಕ್ಸ್ ಸಬ್‌ಮರೀನರ್ ಎರಡೂ ಆ ವರ್ಷದ ಕೂಸುಗಳು. ಇಂತಹ ವಾಚಿಗೆ ಐಎಸ್ಒ 6425 ಎಂಬ ಅಂತರರಾಷ್ಟ್ರೀಯ ಮಾನದಂಡವಿದೆ. ಅದರಂತೆ ವಾಚು ಕನಿಷ್ಠ 100 ಮೀಟರ್ ಆಳಕ್ಕೆ ತಕ್ಕುದಾಗಿರಬೇಕು, ತಾನು ಹೇಳಿಕೊಂಡ ಆಳಕ್ಕಿಂತ ಶೇಕಡ 25ರಷ್ಟು ಹೆಚ್ಚಿನ ಒತ್ತಡವನ್ನು ತಾಳಬೇಕು, ಕತ್ತಲೆಯಲ್ಲಿ 25 ಸೆಂಟಿಮೀಟರ್ ದೂರದಿಂದ ಸಮಯ ಓದುವಂತಿರಬೇಕು. ಗಾಜಿನ ಸುತ್ತಲಿನ ತಿರುಗುವ ಬಳೆಯನ್ನು, ಎಂದರೆ ಬೆಜೆಲನ್ನು, ಒಂದೇ ದಿಕ್ಕಿಗೆ ತಿರುಗುವಂತೆ ಮಾಡಿರುವುದಕ್ಕೂ ಕಾರಣವಿದೆ. ನೀರಿನೊಳಗೆ ಅದು ಎಲ್ಲಿಗಾದರೂ ತಾಗಿ ಸರಿದರೆ, ಮುಳುಗಿ ಕಳೆದ ಹೊತ್ತನ್ನು ಹೆಚ್ಚಾಗಿ ತೋರಿಸಬಹುದೇ ಹೊರತು ಎಂದೂ ಕಡಿಮೆಯಾಗಿ ತೋರಿಸದು. ಮುಳುಗಿದವನು ಬೇಗ ಮೇಲೆ ಬರುತ್ತಾನೆ, ಜೀವ ಉಳಿಯುತ್ತದೆ.

ಪೈಲಟ್ ವಾಚಿನ ಕಥೆ ಇನ್ನೂ ಹಳೆಯದು. 1904ರಲ್ಲಿ ಕಾರ್ಟಿಯೇ ತನ್ನ ಗೆಳೆಯ, ಬ್ರೆಜಿಲ್‌ನ ವಿಮಾನ ಸಾಹಸಿ ಸಾಂಟೋಸ್ ಡುಮೊಂಟ್‌ಗಾಗಿ ಮಾಡಿಕೊಟ್ಟ ಕೈಗಡಿಯಾರದಿಂದ ಅದನ್ನು ಆರಂಭಿಸುವುದು ವಾಡಿಕೆ. ಇಂದು ನಾವು ಪೈಲಟ್ ವಾಚು ಎಂದು ಗುರುತಿಸುವ ಮುಖ, ಅಂದರೆ ಕಪ್ಪು ಡಯಲ್, ದಪ್ಪ ಬಿಳಿ ಅಂಕಿ, ಹನ್ನೆರಡರ ಜಾಗದಲ್ಲಿ ತ್ರಿಕೋನ, ಕೈಗವಸು ತೊಟ್ಟೂ ತಿರುಗಿಸಬಹುದಾದ ದೊಡ್ಡ ಕ್ರೌನ್ (ಕೀ ಕೊಡುವ ತಿರುಪು), ಇವೆಲ್ಲ ಎರಡನೆಯ ಮಹಾಯುದ್ಧದ ಕಾಲದ ಜರ್ಮನ್ ವಾಯುಪಡೆಯ ವಾಚುಗಳಿಂದ ಬಂದವು. 55 ಮಿಲಿಮೀಟರ್ ಅಗಲದ ಆ ವಾಚುಗಳನ್ನು ಜಾಕೆಟ್ಟಿನ ತೋಳಿನ ಮೇಲೆಯೇ ಕಟ್ಟಿಕೊಳ್ಳುತ್ತಿದ್ದರು. ಬ್ರಿಟನ್ನಿನ ವಾಯುಪಡೆಗಾಗಿ ಐಡಬ್ಲ್ಯುಸಿ ಕಂಪನಿ 1948ರಿಂದ ತಯಾರಿಸಿದ ಮಾರ್ಕ್ 11ರಲ್ಲಿ ಯಂತ್ರದ ಸುತ್ತ ಮೆದು ಕಬ್ಬಿಣದ ಒಳಕವಚವಿತ್ತು; ವಿಮಾನದ ಉಪಕರಣಗಳ ಅಯಸ್ಕಾಂತ ಬಲದಿಂದ ಸಮಯ ಕೆಡದಿರಲೆಂದು ಆ ಏರ್ಪಾಡು. ಜರ್ಮನಿಯಲ್ಲಿ ಪೈಲಟ್ ವಾಚುಗಳಿಗೆ ಡಿಐಎನ್ 8330 ಎಂಬ ಮಾನದಂಡವಿದೆಯಾದರೂ, ಡೈವ್ ವಾಚಿನ ಐಎಸ್ಒ ಮಾನದಂಡದಷ್ಟು ವ್ಯಾಪಕವಾದದ್ದು ಪೈಲಟ್ ವಾಚಿಗಿಲ್ಲ. ಆದ್ದರಿಂದ ‘ಪೈಲಟ್’ ಎಂಬ ಹೆಸರನ್ನು ಕಂಡೊಡನೆ ಅದರ ಗಟ್ಟಿತನವನ್ನು ಊಹಿಸಿಕೊಳ್ಳಬಾರದು. ನೀರು ತಡೆಯುವುದರಲ್ಲಿ ಒಂದು ಪೈಲಟ್ ವಾಚು 30 ಮೀಟರಿನದಾಗಿರಬಹುದು, ಇನ್ನೊಂದು 200 ಮೀಟರಿನದಾಗಿರಬಹುದು.

ನಮ್ಮ ಜಿಲ್ಲೆಯಲ್ಲಿ ಪೈಲಟ್ ವಾಚಿನ ಬಗ್ಗೆ ವಿಶೇಷ ಒಲವಿರುವುದು ಸಹಜ. 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲಿನ ದಾಳಿಯಲ್ಲಿ ತನ್ನ ಮಿಸ್ಟೇರ್ ವಿಮಾನದಿಂದ ಅದಕ್ಕಿಂತ ವೇಗದ ಸ್ಟಾರ್‌ಫೈಟರನ್ನು ಎದುರಿಸಿ ಉರುಳಿಸಿ ಮಡಿದ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯನವರ ಪ್ರತಿಮೆಯ ಮುಂದೆ ಮಡಿಕೇರಿಯಲ್ಲಿ ಹಾದುಹೋಗುವವರಿಗೆ ಆ ಹೆಸರೇ ಒಂದು ಭಾವನೆ. ಅದಲ್ಲದೆ ನಮ್ಮ ಅನೇಕ ಮನೆಗಳಲ್ಲಿ ‘ಪೈಲಟ್’ ಎಂದರೆ ಮೊದಲು ನೆನಪಾಗುವುದು ಎಚ್ಎಂಟಿಯವರ ಕಪ್ಪು ಡಯಲಿನ, ದಿನವೂ ಕೀ ಕೊಡಬೇಕಾದ ವಾಚು. ಆ ಒಲವನ್ನು ನಾನು ಗೌರವಿಸುತ್ತೇನೆ. ಆದರೆ ಒಲವನ್ನು ಒಂದು ಕಡೆಯಲ್ಲಿಟ್ಟು, ಬಳಕೆಯನ್ನು ಇನ್ನೊಂದು ಕಡೆಯಲ್ಲಿಟ್ಟು ಬೇರೆ ಬೇರೆಯಾಗಿಯೇ ನೋಡಬೇಕು.

ಯಾರ ಮಾತು, ಎಷ್ಟು ಹಳೆಯ ಮಾತು

ಯಾರಾದರೂ ತಮ್ಮ ವಾಚಿನ ಬಗ್ಗೆ ಅಭಿಪ್ರಾಯ ಹೇಳತೊಡಗಿದಾಗ ಮೊದಲು ಕೇಳಬೇಕಾದ ಪ್ರಶ್ನೆ, ಅದನ್ನು ಕೊಂಡು ಎಷ್ಟು ಕಾಲವಾಯಿತು, ವಾರಕ್ಕೆ ಎಷ್ಟು ದಿನ ಕಟ್ಟುತ್ತೀರಿ ಎಂಬುದು. ಮೊದಲ ತಿಂಗಳ ಮಾತು ಸಂತೋಷದ ಮಾತು. ಅದರಲ್ಲಿ ಸುಳ್ಳಿಲ್ಲ, ಆದರೆ ಕೊಳ್ಳುವವರಿಗೆ ಬೇಕಾದ ವಿಷಯವೂ ಹೆಚ್ಚಿಲ್ಲ. ಆರು ತಿಂಗಳಾಗುವಷ್ಟರಲ್ಲಿ ಕೊಂಡಿಯ ಮೇಲೆ ಗೀರು ಬಿದ್ದಿರುತ್ತದೆ, ದಪ್ಪವೋ ಭಾರವೋ ಕೈಗೆ ಒಗ್ಗಿತೇ ಇಲ್ಲವೇ ಎಂಬುದು ಗೊತ್ತಾಗಿರುತ್ತದೆ. ಒಂದು ಮಳೆಗಾಲ ಕಳೆದರೆ ನೀರು, ಬೆವರು, ಬೂಸ್ಟು ಮೂರರ ಬಗ್ಗೆಯೂ ಹೇಳಲು ಮಾತಿರುತ್ತದೆ. ಐದಾರು ವರ್ಷ ಕಳೆದವರು ಮಾತ್ರ ಸರ್ವಿಸಿನ ಖರ್ಚನ್ನೂ ಕಾಯಬೇಕಾದ ವಾರಗಳನ್ನೂ ಹೇಳಬಲ್ಲರು. ಈ ನಾಲ್ಕು ವಯಸ್ಸಿನ ಮಾತುಗಳನ್ನು ಬೆರೆಸಿ ‘ಎಲ್ಲರೂ ಚೆನ್ನಾಗಿದೆ ಎನ್ನುತ್ತಾರೆ’ ಎಂದು ತೀರ್ಮಾನಿಸುವುದರಿಂದಲೇ ಹೆಚ್ಚಿನ ತಪ್ಪು ಖರೀದಿಗಳು ನಡೆಯುತ್ತವೆ.

ಎರಡನೆಯ ಪ್ರಶ್ನೆ ಮಣಿಕಟ್ಟಿನ ಅಳತೆಯದು. ಏಳೂವರೆ ಇಂಚಿನ ಕೈಯವರು ‘ಹಗುರ, ಅಡಕ’ ಎಂದ ವಾಚು ಆರೂಕಾಲು ಇಂಚಿನ ಕೈಯಲ್ಲಿ ತಟ್ಟೆಯಂತೆ ಕೂರಬಹುದು. ಬಟ್ಟೆಯ ಟೇಪಿನಿಂದ ನಿಮ್ಮ ಮಣಿಕಟ್ಟಿನ ಸುತ್ತಳತೆಯನ್ನು ತೆಗೆದುಕೊಳ್ಳಿ. ಅದಕ್ಕಿಂತಲೂ ಮುಖ್ಯವಾಗಿ, ಮಣಿಕಟ್ಟಿನ ಮೇಲ್ಭಾಗದ ಸಮತಟ್ಟು ಜಾಗ ಎಷ್ಟು ಮಿಲಿಮೀಟರ್ ಅಗಲವಿದೆ ಎಂದು ಸ್ಕೇಲಿಟ್ಟು ನೋಡಿ. ವಾಚಿಗೆ ಪಟ್ಟಿ ಸೇರುವಲ್ಲಿ ಚಾಚಿಕೊಂಡಿರುವ ಒಂದು ಕೊಂಬಿನ ತುದಿಯಿಂದ ಎದುರಿನ ಕೊಂಬಿನ ತುದಿಯವರೆಗಿನ ಉದ್ದ ಆ ಜಾಗವನ್ನು ಮೀರಬಾರದು. ಡಯಲಿನ ಅಗಲಕ್ಕಿಂತ ಈ ಉದ್ದವೇ ಕೈಗೆ ಹೊಂದುವುದನ್ನು ನಿರ್ಧರಿಸುತ್ತದೆ ಎಂಬುದನ್ನು ಬಹುಕಾಲ ಬಳಸಿದವರೆಲ್ಲ ಒಪ್ಪುತ್ತಾರೆ.

ಮೂರನೆಯದು ಸ್ವಲ್ಪ ಮುಜುಗರದ ಪ್ರಶ್ನೆ, ಆದರೂ ಕೇಳಲೇಬೇಕು: ಸ್ವಂತ ಹಣದಿಂದ ಕೊಂಡದ್ದೋ, ಉಡುಗೊರೆಯೋ, ಮಾರುವ ಯೋಚನೆ ಇದೆಯೋ. ಉಡುಗೊರೆ ಕೊಟ್ಟವರ ಮೇಲಿನ ಪ್ರೀತಿ ವಾಚಿನ ಮೇಲಿನ ಮಾತಿನಲ್ಲಿ ಸೇರಿಕೊಳ್ಳುತ್ತದೆ. ಮಾರಲು ಇಟ್ಟವರ ಮಾತಿನಲ್ಲಿ ದೂರು ಇರುವುದಿಲ್ಲ. ಇಷ್ಟನ್ನು ತಿಳಿದ ಮೇಲೆ, ಕೇಳಿದ ಪ್ರತಿಯೊಂದು ಅಭಿಪ್ರಾಯವನ್ನೂ ಸಾಧ್ಯವಾದ ಮಟ್ಟಿಗೆ ಅಳತೆಗೆ ಇಳಿಸಿ ಬರೆದುಕೊಳ್ಳಿ. ‘ದಪ್ಪ ಅನಿಸುತ್ತದೆ’ ಎಂದರೆ ಎಷ್ಟು ಮಿಲಿಮೀಟರ್, ‘ಸಮಯ ಸರಿಯಾಗಿ ತೋರಿಸುತ್ತದೆ’ ಎಂದರೆ ವಾರಕ್ಕೆ ಎಷ್ಟು ಸೆಕೆಂಡು ಹೆಚ್ಚು ಕಡಿಮೆ, ‘ಕತ್ತಲೆಯಲ್ಲಿ ಚೆನ್ನಾಗಿ ಹೊಳೆಯುತ್ತದೆ’ ಎಂದರೆ ಬೆಳಗಿನ ಜಾವ ನಾಲ್ಕು ಗಂಟೆಗೂ ಕಾಣುತ್ತದೆಯೇ. ಈ ಕೊನೆಯದನ್ನು ನನಗೆ ಕಲಿಸಿದವರು ವಾಯುಪಡೆಯ ನೆಲದ ಕೆಲಸದಲ್ಲಿ ಆಯುಷ್ಯ ಕಳೆದ ನನ್ನ ಸೋದರಮಾವ. ‘ಮಾವ, ಎರಡರಲ್ಲಿ ಯಾವುದು ಒಳ್ಳೆಯದು?’ ಎಂದು ಒಮ್ಮೆ ಕೇಳಿದಾಗ ಅವರು ಹೇಳಿದ್ದು ಇಷ್ಟೇ: ‘ಮೊದಲು ನೀನು ಯಾವ ಹೊತ್ತಿನಲ್ಲಿ ಅದನ್ನು ನೋಡುತ್ತೀಯ ಹೇಳು. ಕರೆಂಟು ಹೋದ ರಾತ್ರಿ ಒಂದು ಸಲ ಕಣ್ಣು ಹಾಯಿಸಿದರೆ ಗಂಟೆ ಗೊತ್ತಾಗಬೇಕು. ಎರಡನೇ ಸಲ ನೋಡಬೇಕಾಗಿ ಬಂದರೆ ಅದು ಕೆಲಸದ ವಾಚಲ್ಲ.’ ನಾವು ಮಾತಿನಲ್ಲಿ ಇಂದಿಗೂ ‘ರೇಡಿಯಂ’ ಎನ್ನುವ ಆ ಹೊಳೆಯುವ ಬಣ್ಣ ಈಗ ಹೆಚ್ಚಾಗಿ ವಿಕಿರಣವಿಲ್ಲದ ಸೂಪರ್ ಲ್ಯುಮಿನೋವಾ. ಬೆಳಕು ಕುಡಿದು ಮೊದಲ ಅರ್ಧ ಗಂಟೆ ಜೋರಾಗಿ ಹೊಳೆದು ಆಮೇಲೆ ಮಂಕಾಗುವುದು ಅದರ ಗುಣ. ಆದ್ದರಿಂದ ಅಂಗಡಿಯಲ್ಲಿ ಅಂಗೈ ಮುಚ್ಚಿ ನೋಡಿದ ಹೊಳಪು ಸಾಕ್ಷ್ಯವಲ್ಲ.

ನೀರಿನ ಮಾತು

ಕೊಡಗಿನಲ್ಲಿ ಕೈಗಡಿಯಾರದ ನಿಜವಾದ ಪರೀಕ್ಷೆ ಆಕಾಶದಲ್ಲೂ ಇಲ್ಲ, ಸಮುದ್ರದಲ್ಲೂ ಇಲ್ಲ; ಜೂನ್‌ನಿಂದ ಸೆಪ್ಟೆಂಬರಿನವರೆಗಿನ ಗಾಳಿಯ ತೇವದಲ್ಲಿದೆ. ಆದ್ದರಿಂದ ಈ ಭಾಗವನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಕೆಲವು ವರ್ಷಗಳ ಹಿಂದೆ ನನ್ನಲ್ಲಿದ್ದ ಒಂದು ವಾಚಿನ ಹಿಂಬದಿಯ ಮುಚ್ಚಳವನ್ನು ನಗರದ ಒಂದು ಅಂಗಡಿಯಲ್ಲಿ ತೆರೆಸಿ, ಸಮಯ ಸರಿಪಡಿಸಿಕೊಂಡು ಬಂದಿದ್ದೆ. ಮುಚ್ಚಳದ ಅಂಚಿನ ರಬ್ಬರ್ ಗ್ಯಾಸ್ಕೆಟ್ ಬದಲಾಯಿಸಿದರೇ, ಒತ್ತಡದ ಪರೀಕ್ಷೆ ಮಾಡಿದರೇ ಎಂದು ಕೇಳುವುದು ನನಗೆ ಹೊಳೆಯಲಿಲ್ಲ, ಅವರೂ ಹೇಳಲಿಲ್ಲ. ಜುಲೈ ತಿಂಗಳ ಒಂದು ಸಂಜೆ ತೋಟದಿಂದ ನೆನೆದು ಬಂದು, ಬಿಸಿನೀರಿನ ಸ್ನಾನದ ಮನೆಯಿಂದ ಹೊರಬಂದಾಗ, ಗಾಜಿನ ಒಳಗೆ ನಾಲ್ಕು ಮತ್ತು ಐದರ ಅಂಕಿಗಳ ನಡುವೆ ಹೆಬ್ಬೆರಳ ಉಗುರಿನಷ್ಟು ಮಂಜು ಕಟ್ಟಿತ್ತು. ಅರ್ಧ ಗಂಟೆಯಲ್ಲಿ ಅದು ಆರಿಹೋಯಿತು, ನಾನೂ ಮರೆತೆ. ಮರುದಿನ ಸಂಜೆ ಅದೇ ಜಾಗದಲ್ಲಿ ಮತ್ತೆ ಕಟ್ಟಿತು. ಸೆಪ್ಟೆಂಬರಿನ ಹೊತ್ತಿಗೆ ಸೆಕೆಂಡಿನ ಮುಳ್ಳಿನ ಬುಡದಲ್ಲಿ ಕಂದು ಚುಕ್ಕಿ ಮೂಡಿ, ಡಯಲ್ ಮತ್ತು ಮುಳ್ಳುಗಳನ್ನೇ ಬದಲಾಯಿಸಬೇಕಾಗಿ ಬಂತು. ಗಾಜಿನ ಒಳಗೆ ಒಮ್ಮೆ ಮಂಜು ಕಂಡರೂ ಅದು ತಾನಾಗಿ ಆರಿತೆಂದು ಸುಮ್ಮನಿರದೆ ಅದೇ ವಾರ ತೆರೆಸಬೇಕು ಎಂದು ನಾನು ಒತ್ತಿ ಹೇಳುವುದು ಆ ನಷ್ಟವನ್ನು ನೆನೆದು. ವಾಚನ್ನು ಬಳಸಿದವರಲ್ಲಿ ವಿಚಾರಿಸುವಾಗಲೂ ‘ನೀರು ಹೋಯಿತೇ’ ಎಂದಷ್ಟೇ ಕೇಳಬೇಡಿ. ‘ಕೊನೆಯ ಸಲ ತೆರೆದ ಮೇಲೆ ಒತ್ತಡದ ಪರೀಕ್ಷೆ ಆಗಿತ್ತೇ, ರಸೀದಿಯಲ್ಲಿ ಬರೆದಿದೆಯೇ’ ಎಂದು ಕೇಳಿ. ಗ್ಯಾಸ್ಕೆಟ್ ಹಳತಾದ 300 ಮೀಟರಿನ ವಾಚಿಗಿಂತ ಪರೀಕ್ಷೆಯಾದ 100 ಮೀಟರಿನ ವಾಚು ವಾಸಿ.

ಡಯಲಿನ ಮೇಲಿನ ಮೀಟರಿನ ಅಂಕಿಯನ್ನೂ ಅಕ್ಷರಶಃ ಓದಬಾರದು. ಅದು ಪ್ರಯೋಗಾಲಯದ ನಿಶ್ಚಲ ಒತ್ತಡದ ಲೆಕ್ಕ. 30 ಮೀಟರ್ ಎಂದು ಬರೆದ ವಾಚು ಕೈ ತೊಳೆಯುವಾಗ ಸಿಡಿದ ಹನಿಯನ್ನು ತಾಳುತ್ತದೆ, ಅಷ್ಟೇ ಎಂದು ತಿಳಿಯಿರಿ. ಈಜಬೇಕಾದರೆ 100 ಮೀಟರ್ ಇರಲಿ. ಬ್ರೈಟ್ಲಿಂಗ್ ನ್ಯಾವಿಟೈಮರ್‌ಗೆ 30 ಮೀಟರ್, ಐಡಬ್ಲ್ಯುಸಿ ಮಾರ್ಕ್ 20 ಮತ್ತು ಲಾಂಜಿನ್ಸ್ ಸ್ಪಿರಿಟ್‌ಗೆ 100 ಮೀಟರ್, ಟ್ಯೂಡರ್ ಬ್ಲ್ಯಾಕ್ ಬೇ 58ಕ್ಕೆ 200 ಮೀಟರ್, ಸಬ್‌ಮರೀನರ್ ಮತ್ತು ಒಮೆಗಾ ಸೀಮಾಸ್ಟರ್ ಡೈವರ್‌ಗೆ 300 ಮೀಟರ್. ದುಬಾರೆಯ ದೋಣಿಗೋ ಬರಪೊಳೆಯ ರಾಫ್ಟಿಂಗಿಗೋ ಹೋಗುವಾಗ ಈ ಪಟ್ಟಿಯ ಮೊದಲನೆಯದನ್ನು ಮನೆಯಲ್ಲೇ ಬಿಡಬೇಕು, ಉಳಿದವುಗಳ ಕ್ರೌನನ್ನು ಬಿಗಿಯಾಗಿ ತಿರುಪಿದ್ದೀರಾ ಎಂದು ನೋಡಿಕೊಳ್ಳಬೇಕು.

ಡೈವ್ ವಾಚು ಕಟ್ಟಿದವರು ಹೇಳುವುದು

ಮುರುಡೇಶ್ವರದಿಂದ ನೇತ್ರಾಣಿಗೆ ಹೋಗಿ ಸ್ಕೂಬಾ ಮಾಡಿ ಬಂದ ಪರಿಚಯದ ತರುಣರನ್ನು ಕೇಳಿದರೆ, ನೀರಿನೊಳಗೆ ಲೆಕ್ಕ ಹಿಡಿಯುವುದು ಈಗ ಡೈವ್ ಕಂಪ್ಯೂಟರ್, ವಾಚು ಹೆಚ್ಚೆಂದರೆ ಅದಕ್ಕೆ ಬೆಂಬಲ ಎನ್ನುತ್ತಾರೆ. ಹಾಗಾದರೆ ಬೆಜೆಲ್ ವ್ಯರ್ಥವೇ ಎಂದರೆ ಖಂಡಿತ ಅಲ್ಲ. ಪಲ್ಪರ್ ಚಾಲೂ ಮಾಡಿದ ನಿಮಿಷವನ್ನೋ ಸ್ಪ್ರೇಯರಿನ ಬ್ಯಾರೆಲ್ ತುಂಬಲು ಬಿಟ್ಟ ಹೊತ್ತನ್ನೋ ಬೆಜೆಲಿನಲ್ಲಿ ಗುರುತು ಮಾಡಿಟ್ಟುಕೊಳ್ಳುವ ಅಭ್ಯಾಸವಾದವರು ಅದಿಲ್ಲದ ವಾಚಿಗೆ ಮರಳುವುದು ಕಡಿಮೆ. ತೋಟದವರು ಒಂದು ವಿಷಯವನ್ನು ತಪ್ಪದೆ ಹೇಳುತ್ತಾರೆ: ಮಳೆಗೆ ಮೊದಲು ಮೈಲುತುತ್ತ ಮತ್ತು ಸುಣ್ಣದ ಬೋರ್ಡೋ ದ್ರಾವಣವನ್ನು ಮೆಣಸಿನ ಬಳ್ಳಿಗೂ ಕಾಫಿಗೂ ಹೊಡೆಸುವ ದಿನಗಳಲ್ಲಿ ಆ ನೀಲಿ ಪುಡಿ ಬೆಜೆಲಿನ ಸಂದಿಗೆ ಸೇರಿ, ಒಂದೊಂದಾಗಿ ಟಿಕ್ ಟಿಕ್ ಎಂದು ತಿರುಗುತ್ತಿದ್ದ ಬಳೆ ಗಡಸಾಗುತ್ತದೆ. ನಲ್ಲಿಯ ಕೆಳಗೆ ಹಿಡಿದು, ಮೃದುವಾದ ಹಲ್ಲುಜ್ಜುವ ಬ್ರಷ್ಷಿನಿಂದ ಸುತ್ತಲೂ ಉಜ್ಜಿ, ಬಳೆಯನ್ನು ಎರಡು ಸುತ್ತು ತಿರುಗಿಸಿದರೆ ಸರಿಹೋಗುತ್ತದೆ. ಹೀಗೆ ಹೆದರದೆ ತೊಳೆಯಬಹುದಾದ ಸ್ವಾತಂತ್ರ್ಯವೇ ನಮ್ಮ ಊರಿನಲ್ಲಿ ಡೈವ್ ವಾಚಿಗೆ ಕೊಡಬಹುದಾದ ಅತಿ ದೊಡ್ಡ ಅಂಕ.

ಸಬ್‌ಮರೀನರ್ ಉಳ್ಳವರು ಹೊಗಳುವುದು ಮುಖ್ಯವಾಗಿ ಎರಡನ್ನು. ಒಂದು, ದಿನಕ್ಕೆ ಎರಡು ಸೆಕೆಂಡಿನ ಒಳಗೇ ಹೆಚ್ಚು ಕಡಿಮೆ ಎಂಬ ಕಂಪನಿಯ ಮಾತು ಬಹುಮಟ್ಟಿಗೆ ಕೈಯಲ್ಲೂ ನಿಲ್ಲುವುದು. ಇನ್ನೊಂದು, ಚೈನಿನ ಕೊಂಡಿ. ಯಾವ ಸಲಕರಣೆಯೂ ಇಲ್ಲದೆ ಎರಡೆರಡು ಮಿಲಿಮೀಟರಿನಂತೆ ಸುಮಾರು 20 ಮಿಲಿಮೀಟರಿನವರೆಗೆ ಅದನ್ನು ಹಿಗ್ಗಿಸಬಹುದು. ಏಪ್ರಿಲ್‌ನ ಮಧ್ಯಾಹ್ನ ಕೈ ಊದಿಕೊಂಡಾಗ ಒಂದು ಮೆಟ್ಟಿಲು ಸಡಿಲಿಸಿ, ಸಂಜೆಯ ತಂಪಿಗೆ ಮತ್ತೆ ಬಿಗಿಮಾಡುವ ಆ ಸಣ್ಣ ಸುಖವನ್ನು ಬಳಸದವರಿಗೆ ವಿವರಿಸುವುದು ಕಷ್ಟ. ದೂರು ವಾಚಿನದಲ್ಲ, ಕೊಳ್ಳುವ ದಾರಿಯದು: ನಿಗದಿತ ಬೆಲೆಗೆ ಸಿಗಲು ಕಾಯಬೇಕು, ಸಿಕ್ಕ ಮೇಲೆ ಪ್ರಯಾಣದಲ್ಲಿ ಎಲ್ಲರ ಕಣ್ಣು ಅದರ ಮೇಲೆಯೇ.

ಸೀಮಾಸ್ಟರ್ ಡೈವರ್ 300 ಎಂ 1993ರಿಂದ ಬರುತ್ತಿದೆ. ಇಂದಿನ 42 ಮಿಲಿಮೀಟರಿನ ಮಾದರಿ 15,000 ಗಾಸ್‌ವರೆಗಿನ ಅಯಸ್ಕಾಂತ ಬಲವನ್ನು ತಾಳುತ್ತದೆ, ದಿನಕ್ಕೆ ಸೊನ್ನೆಯಿಂದ ಐದು ಸೆಕೆಂಡು ಮುಂದೆ ಎಂಬ ಮಿತಿಯೊಳಗೆ ನಡೆಯುತ್ತದೆ. ಅದೇ ಹಣಕ್ಕೆ ಇಷ್ಟು ಕುಸುರಿ ಬೇರೆಡೆ ಸಿಗದು ಎಂಬುದು ಉಳ್ಳವರ ಸಾಮಾನ್ಯ ಮಾತು. ಆದರೆ ಅದೇ ಜನ, ಬೆಜೆಲಿನ ಅಂಚು ಅಲೆಅಲೆಯಾಗಿರುವುದರಿಂದ ಒದ್ದೆ ಬೆರಳಿಗೆ ಹಿಡಿತ ಸಿಗುವುದಿಲ್ಲ, ದಪ್ಪ ಹದಿಮೂರು ಮಿಲಿಮೀಟರನ್ನು ಮೀರುತ್ತದೆ ಎಂದೂ ಹೇಳುತ್ತಾರೆ. ದಪ್ಪದ ಮಾತು ಇಲ್ಲಿ ಹಗುರವಾದುದಲ್ಲ. ಕೊಡವರ ಸಾಂಪ್ರದಾಯಿಕ ನಿಲುವಂಗಿಯಾದ ಕುಪ್ಯ ತೊಡುವವರಿಗೆ ಇದು ಗೊತ್ತು: ಕುಪ್ಯದ ತೋಳು ಅರ್ಧಕ್ಕೇ ನಿಲ್ಲುತ್ತದೆ, ಒಳಗಿನ ಬಿಳಿ ಅಂಗಿಯ ತೋಳು ಮಣಿಕಟ್ಟಿನವರೆಗೂ ಬಂದು ಎಲ್ಲರಿಗೂ ಕಾಣುತ್ತದೆ. ದಪ್ಪ ವಾಚಾದರೆ ಆ ಅಂಗಿಯ ಕಫ್ ಅದರ ಮೇಲೆ ಸಿಕ್ಕಿಕೊಂಡು, ಮದುವೆಮನೆಯಲ್ಲಿ ಹಿರಿಯರ ಕಾಲಿಗೆ ಬಾಗಿ ಏಳುವಾಗಲೆಲ್ಲ ತೋಳನ್ನು ಎಳೆದು ಸರಿಮಾಡಿಕೊಳ್ಳಬೇಕಾಗುತ್ತದೆ.

2018ರಲ್ಲಿ ಬಂದ ಬ್ಲ್ಯಾಕ್ ಬೇ 58 ಈ ದೃಷ್ಟಿಯಿಂದ ನನಗೆ ಹೆಚ್ಚು ಮೆಚ್ಚು. 39 ಮಿಲಿಮೀಟರ್ ಅಗಲ, 12ಕ್ಕೂ ಸ್ವಲ್ಪ ಕಡಿಮೆ ದಪ್ಪ, ಪೂರ್ತಿ ಕೀ ತುಂಬಿದರೆ 70 ಗಂಟೆ ಓಟ. ಶುಕ್ರವಾರ ರಾತ್ರಿ ಬಿಚ್ಚಿಟ್ಟರೆ ಸೋಮವಾರ ಬೆಳಿಗ್ಗೆಯೂ ನಡೆಯುತ್ತಿರುತ್ತದೆ. ಸಣ್ಣ ಕೈಯವರೆಲ್ಲ ಒಂದೇ ದನಿಯಲ್ಲಿ ಒಪ್ಪುವ ಡೈವ್ ವಾಚು ಇದು. ತಾರೀಖು ಇಲ್ಲ ಎಂಬುದು ಕೆಲವರಿಗೆ ಕೊರತೆ. ಚೈನಿನ ಬದಿಯ ಅಲಂಕಾರದ ರಿವೆಟ್ಟುಗಳು ಬೇಡವಾಗಿತ್ತು ಎಂಬುದು ಬಹಳ ಜನರ ಅನಿಸಿಕೆ, ನನ್ನದೂ ಹೌದು. ಭಾರವೇ ಬೇಡ ಎನ್ನುವವರು ಅದೇ ಕಂಪನಿಯ ಟೈಟಾನಿಯಂನ ಪೆಲಾಗೋಸನ್ನು ನೋಡಬಹುದು. ಟೈಟಾನಿಯಂ ಹಗುರ, ಬೆವರಿಗೆ ಕೆಡದು, ಆದರೆ ಗೀರು ಬೇಗ ಕಾಣುತ್ತದೆ.

ಪೈಲಟ್ ವಾಚು ಕಟ್ಟಿದವರು ಹೇಳುವುದು

2022ರಲ್ಲಿ ಬಂದ ಮಾರ್ಕ್ 20 ಬಗ್ಗೆ ಉಳ್ಳವರ ಮಾತಿನಲ್ಲಿ ಮತ್ತೆ ಮತ್ತೆ ಬರುವ ಪದ ‘ಸ್ಪಷ್ಟತೆ’. 40 ಮಿಲಿಮೀಟರ್ ಅಗಲ, 11ಕ್ಕಿಂತ ಕಡಿಮೆ ದಪ್ಪ, 120 ಗಂಟೆಗಳ ಓಟ, ಉಪಕರಣ ಬೇಡದೆ ಪಟ್ಟಿ ಬದಲಾಯಿಸುವ ಏರ್ಪಾಡು. ಕನ್ನಡಕವಿಲ್ಲದೆ ಸಮಯ ಓದಬಹುದು ಎಂದು ಅರುವತ್ತು ದಾಟಿದವರು ಹೇಳಿದರೆ ಆ ಮಾತಿಗೆ ಹೆಚ್ಚಿನ ತೂಕ ಕೊಡಿ. ತಾರೀಖಿನ ಕಿಂಡಿ ಮೂರರ ಅಂಕಿಯ ಜಾಗವನ್ನು ತಿಂದಿದೆ, ಹೊಳೆಯುವ ಬಣ್ಣ ಡೈವ್ ವಾಚಿನಷ್ಟು ಹೊತ್ತು ನಿಲ್ಲುವುದಿಲ್ಲ, ಮೂರೇ ಮುಳ್ಳಿನ ವಾಚಿಗೆ ಬೆಲೆ ಹೆಚ್ಚಾಯಿತು, ಇವು ದೂರುಗಳು. ಇದೇ ಕಂಪನಿಯ 46 ಮಿಲಿಮೀಟರಿನ ಬಿಗ್ ಪೈಲಟ್ ಬಗ್ಗೆ ಹೇಳುವುದು ಕಡಿಮೆ ಇದೆ: ನೋಡಲು ಭವ್ಯ, ಆದರೆ ಎರಡು ವರ್ಷದ ಮೇಲೆ ಅದನ್ನು ದಿನವೂ ಕಟ್ಟುವವರು ವಿರಳ.

ನ್ಯಾವಿಟೈಮರ್ 1952ರಿಂದ ಇದೆ. ಅದರ ಅಂಚಿನಲ್ಲಿರುವ ಲೆಕ್ಕದ ಪಟ್ಟಿಯಿಂದ ವೇಗ, ದೂರ, ಇಂಧನಗಳ ಗುಣಾಕಾರ ಭಾಗಾಕಾರ ಮಾಡಬಹುದು. ಉಳ್ಳವರು ಅದನ್ನು ಪ್ರೀತಿಸುವ ಪರಿ ಬೇರೆಯೇ. ಆದರೆ ಲೆಕ್ಕಕ್ಕೆ ಬಳಸುತ್ತೀರಾ ಎಂದು ಕೇಳಿದರೆ, ಅಂಕಿಗಳು ಅಷ್ಟು ಚಿಕ್ಕವು, ಡಯಲ್ ಅಷ್ಟು ದಟ್ಟ ಎಂದು ಪ್ರಾಮಾಣಿಕವಾಗಿ ಒಪ್ಪುತ್ತಾರೆ. ಅದನ್ನು ಚೆಲುವಿಗಾಗಿ ಕೊಳ್ಳಬೇಕು, ಒಣ ತಿಂಗಳುಗಳಲ್ಲಿ ಕಟ್ಟಬೇಕು. ಲಾಂಜಿನ್ಸ್ ಸ್ಪಿರಿಟ್ ಹಣಕ್ಕೆ ತಕ್ಕ ಗಟ್ಟಿತನದ ವಾಚು ಎಂಬುದರಲ್ಲಿ ಭಿನ್ನಮತ ಕಡಿಮೆ. ಡಯಲಿನ ಐದು ನಕ್ಷತ್ರಗಳು ಮಾತ್ರ ಒಬ್ಬರಿಗೆ ಹಿಡಿಸಿದರೆ ಇನ್ನೊಬ್ಬರಿಗೆ ಹಿಡಿಸುವುದಿಲ್ಲ. ಮಕ್ಕಳು ದುಬೈಯಲ್ಲೋ ಅಮೆರಿಕದಲ್ಲೋ ಇರುವ ಮನೆಯವರಿಗೆ ಎರಡನೆಯ ದೇಶದ ಸಮಯ ತೋರಿಸುವ ಮಾದರಿಗಳು ದಿನವೂ ಉಪಯೋಗಕ್ಕೆ ಬರುತ್ತವೆ. ಪ್ಯಾನ್ ಆಮ್ ವಿಮಾನ ಸಂಸ್ಥೆಯ ಚಾಲಕರಿಗಾಗಿ 1955ರಲ್ಲಿ ಬಂದ ರೋಲೆಕ್ಸ್ ಜಿಎಂಟಿ ಮಾಸ್ಟರ್ ಆ ದಾರಿ ತೋರಿದ್ದು. ಸ್ಪಿರಿಟ್‌ನಲ್ಲಿಯೂ ಝುಲು ಟೈಮ್ ಎಂಬ ಅಂತಹದೊಂದು ಮಾದರಿ ಇದೆ.

ಪೈಲಟ್ ವಾಚಿನ ನಿಜವಾದ ತೊಡಕು ನಮ್ಮಲ್ಲಿ ಅದರ ಚರ್ಮದ ಪಟ್ಟಿ. ಬೇರೆ ಊರಿನವರ ಅಭಿಪ್ರಾಯಗಳಲ್ಲಿ ಇದು ಬರುವುದೇ ಇಲ್ಲ, ಏಕೆಂದರೆ ಅವರಿಗೆ ಅದು ಸಮಸ್ಯೆಯೇ ಅಲ್ಲ. ಮಳೆ ಜೋರಾಗಿರುವ ಕಕ್ಕಡ ತಿಂಗಳಲ್ಲಿ (ಜುಲೈ-ಆಗಸ್ಟ್) ನಾಲ್ಕು ದಿನ ಕಪಾಟಿನಲ್ಲಿಟ್ಟ ಚರ್ಮದ ಪಟ್ಟಿಯ ಒಳಮೈಯನ್ನು ಬೆಳಕಿಗೆ ಹಿಡಿದು ನೋಡಿ. ಹೊಲಿಗೆಯ ತೂತುಗಳ ಸುತ್ತ ಬಿಳಿಯ ಉಂಗುರ, ನಡುವೆ ಬೂದು ಹಸಿರಿನ ನವಿರು ಕೂದಲು, ಮೂಗಿಗೆ ಹತ್ತಿರ ತಂದರೆ ಒದ್ದೆ ಗೋಣಿಯ ವಾಸನೆ. ಒರೆಸಿದರೆ ಹೋಗುತ್ತದೆ, ಮೂರನೆಯ ದಿನ ಮತ್ತೆ ಬರುತ್ತದೆ. ಆದ್ದರಿಂದ ಪೈಲಟ್ ವಾಚು ಇಷ್ಟವಾದವರು ಅದರ ಬೆಲೆಯ ಜೊತೆಗೇ ಸ್ಟೀಲಿನ ಚೈನು ಅಥವಾ ಒಂದು ನೈಲಾನ್ ಪಟ್ಟಿಯ ಬೆಲೆಯನ್ನೂ ಸೇರಿಸಿ ಲೆಕ್ಕ ಹಾಕಬೇಕು.

ಸಮಯ, ಹಣ, ಸರ್ವಿಸು

ಸಮಯದ ಬಗ್ಗೆ ಮಾತು ಕೇಳುವಾಗ, ನಿಖರತೆಗೆಂದು ಕೊಡುವ ಸ್ವಿಸ್ ಕ್ರೋನೋಮೀಟರ್ ಪ್ರಮಾಣಪತ್ರದ ಮಿತಿ ದಿನಕ್ಕೆ ನಾಲ್ಕು ಸೆಕೆಂಡು ಹಿಂದಿನಿಂದ ಆರು ಸೆಕೆಂಡು ಮುಂದಿನವರೆಗೆ ಎಂಬುದನ್ನು ನೆನಪಿಡಿ. ‘ತಿಂಗಳಿಗೆ ಎರಡು ನಿಮಿಷ ಮುಂದೆ ಹೋಗುತ್ತದೆ’ ಎಂದು ಯಾರಾದರೂ ದೂರಿದರೆ, ಅದು ದಿನಕ್ಕೆ ನಾಲ್ಕೇ ಸೆಕೆಂಡು, ದೋಷವಲ್ಲ. ಇದ್ದಕ್ಕಿದ್ದಂತೆ ದಿನಕ್ಕೆ ಅರ್ಧ ನಿಮಿಷ ಮುಂದೆ ಓಡತೊಡಗಿದರೆ ಮೊದಲ ಅನುಮಾನ ಅಯಸ್ಕಾಂತದ ಮೇಲಿರಲಿ. ಮೊಬೈಲಿನ ಕವರ್, ಟ್ಯಾಬ್ಲೆಟ್ಟಿನ ಮುಚ್ಚಳ, ಸ್ಪೀಕರ್ ಇವುಗಳ ಪಕ್ಕದಲ್ಲಿಟ್ಟ ವಾಚಿನೊಳಗಿನ ಕೂದಲೆಳೆಯಂತಹ ಸುರುಳಿ ಅಯಸ್ಕಾಂತಗೊಂಡು ಅದರ ಸುತ್ತುಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ, ಓಟ ಹೆಚ್ಚುತ್ತದೆ. ರಿಪೇರಿಯವರು ಒಂದೆರಡು ನಿಮಿಷದಲ್ಲಿ ಅದನ್ನು ತೆಗೆಯಬಲ್ಲರು. ಹಿಂದೆ ಆಕಾಶವಾಣಿಯ ವಾರ್ತೆಯ ಹೊತ್ತಿಗೆ ವಾಚು ಹೊಂದಿಸುತ್ತಿದ್ದ ಹಾಗೆ, ಈಗ ಮೊಬೈಲಿನ ಸಮಯಕ್ಕೆ ಹೊಂದಿಸಿ ಏಳು ದಿನ ಅದೇ ಹೊತ್ತಿಗೆ ವ್ಯತ್ಯಾಸ ಬರೆದಿಟ್ಟವರ ಲೆಕ್ಕವನ್ನಷ್ಟೇ ನಂಬಬೇಕು.

ಬೆಲೆಯ ಮಾತಿಗೆ ವರ್ಷವನ್ನು ಸೇರಿಸಿಯೇ ಕೇಳಿ. ಸ್ವಿಟ್ಜರ್‌ಲ್ಯಾಂಡ್ ಸೇರಿದ ಎಫ್ಟಾ ಎಂಬ ಯುರೋಪಿನ ವ್ಯಾಪಾರ ಕೂಟದ ರಾಷ್ಟ್ರಗಳೊಂದಿಗೆ ಭಾರತ ಮಾಡಿಕೊಂಡ ವ್ಯಾಪಾರ ಒಪ್ಪಂದ 2025ರ ಅಕ್ಟೋಬರ್ 1ರಿಂದ ಜಾರಿಗೆ ಬಂದಿದ್ದು, ಸ್ವಿಸ್ ವಾಚುಗಳ ಮೇಲಿನ ಆಮದು ಸುಂಕ ಹಂತಹಂತವಾಗಿ ಇಳಿಯುತ್ತದೆ. ಆದ್ದರಿಂದ ಅದಕ್ಕೂ ಮೊದಲು ಕೊಂಡವರ ಬೆಲೆ ಇಂದಿನ ಅಳತೆಯಾಗದು. 10 ಲಕ್ಷ ರೂಪಾಯಿ ಮೀರಿದ ವಾಚಿಗೆ 2025ರ ಏಪ್ರಿಲ್‌ನಿಂದ ಶೇಕಡ 1ರಷ್ಟು ತೆರಿಗೆಯನ್ನು ಅಂಗಡಿಯವರೇ ಮೂಲದಲ್ಲಿ ವಸೂಲು ಮಾಡುತ್ತಾರೆ. ಅದನ್ನು ಆದಾಯ ತೆರಿಗೆಯ ಲೆಕ್ಕದಲ್ಲಿ ಹೊಂದಿಸಿಕೊಳ್ಳಬಹುದು, ಪ್ಯಾನ್ ಸಂಖ್ಯೆ ಸರಿಯಾಗಿ ದಾಖಲಾಗಿರಬೇಕು. ಕಾಫಿ ಮಾರಿದ ಹಣ ಕೈಯಲ್ಲಿದೆಯೆಂದು ನಗದಾಗಿ ಒಯ್ಯಬೇಡಿ. 2 ಲಕ್ಷ ಅಥವಾ ಅದಕ್ಕಿಂತ ಹೆಚ್ಚಿನ ನಗದನ್ನು ಅಂಗಡಿಯವರು ಪಡೆಯುವಂತಿಲ್ಲ.

ರೋಲೆಕ್ಸ್, ಟ್ಯೂಡರ್, ಒಮೆಗಾ ಮೂರಕ್ಕೂ ಐದು ವರ್ಷದ ಖಾತರಿ ಇದೆ. ಖಾತರಿ ಮುಗಿದ ಮೇಲಿನ ಮಾತನ್ನು ಕೇಳಲು ಮರೆಯಬೇಡಿ: ಸರ್ವಿಸಿಗೆ ಕೊಟ್ಟು ಎಷ್ಟು ವಾರ ಕಾದಿರಿ, ಹಳೆಯ ಭಾಗಗಳನ್ನು ಹಿಂದಿರುಗಿಸಿದರೇ, ಕೇಳದೆ ಪಾಲಿಶ್ ಮಾಡಿದರೇ. ಪಾಲಿಶ್ ಬೇಡವೆಂದರೆ ಕೊಡುವಾಗಲೇ ಬರೆಸಬೇಕು. ನಮಗೆ ಪ್ರತಿ ಸಲವೂ ಬೆಂಗಳೂರಿನ ಪ್ರಯಾಣ ಸೇರಿಕೊಳ್ಳುವುದರಿಂದ, ಸರ್ವಿಸಿನ ಅನುಭವ ಹೇಳಬಲ್ಲ ಒಬ್ಬರ ಮಾತು ಹೊಸದಾಗಿ ಕೊಂಡ ಹತ್ತು ಜನರ ಮಾತಿಗೆ ಸಮ.

ಇಷ್ಟೆಲ್ಲ ಬರೆದುಕೊಂಡ ಮೇಲೆ ಎರಡು ವಾಚುಗಳಷ್ಟೇ ಉಳಿಯುವಂತೆ ಮಾಡಿಕೊಂಡು ಅಂಗಡಿಗೆ ಹೋಗಿ. ಉದ್ದ ತೋಳಿನ ಅಂಗಿ ತೊಟ್ಟಿರಿ, ಪ್ರತಿಯೊಂದನ್ನೂ ಅರ್ಧ ಗಂಟೆ ಕಟ್ಟಿಕೊಂಡಿರಿ, ಕೊಂಡಿಯನ್ನು ನೀವೇ ಹತ್ತು ಸಲ ತೆರೆದು ಮುಚ್ಚಿ, ಬೆಜೆಲನ್ನು ಒದ್ದೆ ಬೆರಳಿನಿಂದ ತಿರುಗಿಸಲು ಅನುಮತಿ ಕೇಳಿ. ತೋಟದಲ್ಲಿ ದಿನವೂ ಓಡಾಡುವವರು ಒಂದೇ ವಾಚು ಕೊಳ್ಳುವುದಾದರೆ ಚೈನಿರುವ, 12 ಮಿಲಿಮೀಟರಿಗಿಂತ ಕಡಿಮೆ ದಪ್ಪದ ಡೈವ್ ವಾಚನ್ನು ಕೊಳ್ಳಲಿ ಎಂಬುದು ನನ್ನ ಖಚಿತ ಅಭಿಪ್ರಾಯ. ಕಚೇರಿಯಲ್ಲಿ ಕುಳಿತು ಕೆಲಸ ಮಾಡುವವರು, ದೃಷ್ಟಿ ಮಂಜಾಗತೊಡಗಿದವರು, ಮನೆತನದಲ್ಲಿ ವಾಯುಪಡೆಯ ನೆನಪಿರುವವರು 100 ಮೀಟರಿನ ಪೈಲಟ್ ವಾಚನ್ನು ಧೈರ್ಯವಾಗಿ ಕೊಳ್ಳಬಹುದು.

ಅಂತಹವರು ಜೂನ್ ಮೊದಲ ವಾರದಲ್ಲೇ ಚರ್ಮದ ಪಟ್ಟಿಯನ್ನು ಬಿಚ್ಚಿ, ಒಣಬಟ್ಟೆಯಿಂದ ಒರೆಸಿ, ಒಂದು ದಿನ ನೆರಳಿನಲ್ಲಿ ಗಾಳಿಗಿಟ್ಟು, ಸಿಲಿಕಾ ಜೆಲ್ ಪೊಟ್ಟಣಗಳೊಂದಿಗೆ ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿ ಹಾಕಿಡಬೇಕು. ಹಳೆಯ ಅಭ್ಯಾಸದಂತೆ ಒಲೆಯ ಮೇಲಿನ ಅಟ್ಟದಲ್ಲಿಟ್ಟರೆ ಬೂಸ್ಟು ಹಿಡಿಯುವುದಿಲ್ಲ, ಆದರೆ ಹೊಗೆ ಮತ್ತು ಬಿಸಿಗೆ ಚರ್ಮ ಬಿರುಕು ಬಿಟ್ಟು ಹೊಲಿಗೆಯ ಬಳಿಯೇ ಒಡೆಯುತ್ತದೆ. ಪೊಟ್ಟಣಗಳನ್ನು ತಿಂಗಳಿಗೊಮ್ಮೆ ಬದಲಾಯಿಸಿದರೆ, ವರ್ಷಾಂತ್ಯದ ಸುಗ್ಗಿಹಬ್ಬ ಹುತ್ತರಿಗೆ ಡಬ್ಬಿ ತೆರೆದಾಗ ಪಟ್ಟಿ ಇಟ್ಟ ಹಾಗೆಯೇ ಮೆದುವಾಗಿ ಸಿಗುತ್ತದೆ.